ಜಗ್ಗದ ಪೆಟ್ಟಿಗೆ

ಮೊಬೈಲಿನ ಪರದೆಯ ಮೇಲೆ ಎರಡು ಗೆರೆಗಳು ಕಿತ್ತಾಡುತ್ತಿದ್ದವು. ಕೆಂಪು ಗೆರೆ ರೇಷ್ಮೆ ಹುಳುಮನೆಯ ಬಿಸಿಯದು, ನೀಲಿ ಗೆರೆ ಅಲ್ಲಿನ ತೇವದ್ದು. ಎರಡೂ ದಾರ ಎಳೆದ ಹಾಗೆ ನೆಟ್ಟಗೆ ಹೋಗಲಿ ಎಂದೇ ರಂಜಿತ ವರ್ಷವೆಲ್ಲ ಕೂತು ಪೆಟ್ಟಿಗೆಯೊಂದನ್ನು ಮಾಡಿದ್ದಳು. ಮೊನ್ನೆ ಮೊನ್ನೆಯ ತನಕ ಗೆರೆಗಳು ಅವಳು ಹೇಳಿದಂತೆಯೇ ಕೇಳಿಕೊಂಡಿದ್ದವು. ಹುಳುಗಳು ಮೂರನೇ ಜ್ವರ ಬಿಟ್ಟು ಎದ್ದ ಮೇಲೆ ಏನಾಯಿತೋ ಏನೋ, ಕೆಂಪು ಇದ್ದಕ್ಕಿದ್ದಂತೆ ಕುಸಿಯುತ್ತದೆ, ನೀಲಿ ಅದರ ಹಿಂದೆಯೇ ಬೀಳುತ್ತದೆ, ಆಮೇಲೆ ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಹುಚ್ಚು ಹಿಡಿದ ಹಾಗೆ ಓಡುತ್ತವೆ. ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆದಿಟ್ಟುಕೊಂಡು ರಂಜಿತ ಆ ಗೆರೆಗಳನ್ನೇ ನೋಡುತ್ತ ಕೂತಿದ್ದಳು. ಅನ್ನ ತಣ್ಣಗಾಗಿತ್ತು.

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ ಕೂತು, ಹಳೇ ಚರ್ಮ ಕಳಚುವುದಕ್ಕೆ ಅವಳ ಗಂಡನ ಊರಾದ ಸಾಸಲಿನ ಸುತ್ತಮುತ್ತ ಹಾಗೆನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಅಲ್ಲಿಯ ತನಕ ಅದರ ಆರೈಕೆ ಹಸುಗೂಸಿನದಕ್ಕಿಂತ ಹೆಚ್ಚು. ಚಳಿಯಾಗಬಾರದು, ಸೆಖೆಯಾಗಬಾರದು, ಗಾಳಿ ಒಣಗಬಾರದು, ಒದ್ದೆಯೂ ಆಗಬಾರದು. ಮಾಗಿಯ ಚಳಿಯಲ್ಲಿ ತೇವ ಏರಿತೋ, ಸುಣ್ಣಕಟ್ಟು ರೋಗ ಬಂದು ಇಡೀ ಬೆಳೆ ಬಿಳಿಚಿಕೊಂಡು ಕಡ್ಡಿಯಾಗುತ್ತದೆ.

ತೊಂದರೆ ಏನೆಂದರೆ ಬಿಸಿ ಮತ್ತು ತೇವ ಬೇರೆ ಬೇರೆ ಸಂಸಾರ ಮಾಡುವುದಿಲ್ಲ. ಹೀಟರು ಹಾಕಿದರೆ ಬಿಸಿ ಏರುತ್ತದೆ, ಜೊತೆಗೆ ಗಾಳಿ ಒಣಗುತ್ತದೆ. ಒಣಗಿತೆಂದು ನೀರನ್ನು ಮಂಜಿನಂತೆ ಚಿಮ್ಮಿಸಿದರೆ ತೇವ ಏರುತ್ತದೆ, ಬಿಸಿ ಇಳಿಯುತ್ತದೆ. ಕಿಟಕಿ ತೆಗೆದರೆ ಎರಡೂ ಕೈಬಿಟ್ಟು ಹೋಗುತ್ತವೆ. ತುಂಬಿದ ಹಂಡೆಯನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತುವ ಹಾಗೆ, ಒಬ್ಬ ತನ್ನ ಪಾಡಿಗೆ ತಾನು ಎತ್ತಿದರೆ ಇನ್ನೊಬ್ಬನ ಕಾಲ ಮೇಲೆ ನೀರು. ಬಿಸಿಗೊಂದು ಸ್ವಿಚ್ಚು, ತೇವಕ್ಕೊಂದು ಸ್ವಿಚ್ಚು ಇಟ್ಟುಬಿಟ್ಟರೆ ಆಗುವುದು ಅದೇ. ಎಲ್ಲವನ್ನೂ ಒಟ್ಟಿಗೆ ನೋಡಿ, ಒಟ್ಟಿಗೆ ಲೆಕ್ಕ ಹಾಕಿ, ಒಟ್ಟಿಗೆ ಕೈಯಾಡಿಸುವ ಒಂದು ತಲೆ ಬೇಕು. ಅಷ್ಟೂ ಸಾಲದು. ಗೋಡೆ ದಪ್ಪವಿರಲಿ ತೆಳ್ಳಗಿರಲಿ, ಸೊಪ್ಪು ಒದ್ದೆಯಿರಲಿ ಒಣಗಿರಲಿ, ಕರೆಂಟು ಅರೆಜೀವವಾಗಿರಲಿ, ಹೊರಗೆ ಎಂಥದೇ ಗಾಳಿ ಬೀಸಲಿ, ಆ ತಲೆ ಮಾತ್ರ ತಿರುಗಬಾರದು. ಎಂ.ಟೆಕ್ ಓದುವಾಗ ಅದಕ್ಕೆ ರೋಬಸ್ಟ್ ಕಂಟ್ರೋಲ್ ಎಂದು ಹೇಳಿಕೊಟ್ಟಿದ್ದರು. ಅತ್ತೆಗೆ ಅರ್ಥವಾಗಲೆಂದು ರಂಜಿತ ಅದನ್ನು 'ಜಗ್ಗದ ಪೆಟ್ಟಿಗೆ' ಎಂದಿದ್ದಳು.

"ಜಗ್ಗದೋರು ಈ ಮನೇಲಿ ಆಗ್ಲೇ ಇಬ್ರಿದೀವಿ, ಮೂರ್ನೇದೂ ಬಂತಾ?" ಎಂದು ಅತ್ತೆ ಅಮ್ಮಯಮ್ಮ ನಕ್ಕಿದ್ದರು.

ಅವರು ಹಾಗೆಂದದ್ದು ಬರಿಯ ತಮಾಷೆಗಲ್ಲ. ಅವರಿಗೂ ಮಾವ ವೆಂಕಟರಾಯಪ್ಪನವರಿಗೂ ಮಾತು ನಿಂತು ಹತ್ತು ಹನ್ನೊಂದು ವರ್ಷವಾಗಿತ್ತು. ಒಂದೇ ಮನೆ, ಒಂದೇ ಒಲೆ, ಒಂದೇ ಹಿಪ್ಪುನೇರಳೆ ತೋಟ, ಮಾತು ಮಾತ್ರ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ರಂಜಿತ ಗಂಡ ಬೈರೇಶನನ್ನು ಯಾಕೆಂದು ಕೇಳಿದ್ದಳು. ಯಾವುದೋ ಮದುವೆಯಲ್ಲಿ ಅತ್ತೆಯ ಅಣ್ಣನಿಗೆ ಮೊದಲ ತಾಂಬೂಲ ಕೊಡಬೇಕಿತ್ತು, ಮಾವ ಗಡಿಬಿಡಿಯಲ್ಲಿ ಇನ್ಯಾರಿಗೋ ಕೊಟ್ಟುಬಿಟ್ಟರು, ಅತ್ತೆ ಅಲ್ಲೇ ಹತ್ತು ಜನರ ಮುಂದೆ ಒಂದು ಮಾತು ಅಂದರು ಎಂದು ಅವನು ಹೇಳಿದ. ಏನು ಮಾತು ಎಂದರೆ ಅವನಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ಅತ್ತೆ ಹೇಳುವ ಕಥೆಯಲ್ಲಿ ಮಾತು ಬಿಟ್ಟವರು ಮಾವ. ಜಗಲಿಯ ಮೇಲೆ ಮಾವ ಹೇಳುವ ಕಥೆಯಲ್ಲಿ ಬಿಟ್ಟವರು ಅತ್ತೆ. ಇಬ್ಬರೂ ಸುಳ್ಳು ಹೇಳುವ ಪೈಕಿಯಲ್ಲ. ಹೀಗಾಗಿ ರಂಜಿತ ಆ ಲೆಕ್ಕವನ್ನು ಅರ್ಧಕ್ಕೇ ಕೈಬಿಟ್ಟು, ಎಲ್ಲ ಸೊಸೆಯರೂ ಮಾಡುವ ಹಾಗೆ ಹೊಂದಿಕೊಂಡಿದ್ದಳು. ಮಾವ ಮಾರು ದೂರದಲ್ಲಿ ಕೂತಿದ್ದರೂ ಅತ್ತೆ ಇವಳ ಕಡೆ ತಿರುಗಿ, "ನಿಮ್ಮ ಮಾವಂಗೆ ಊಟಕ್ಕೆ ಏಳಕ್ಕೇಳು," ಎನ್ನುತ್ತಿದ್ದರು. ಮಾವ ಏಳುತ್ತಲೇ, "ಬಂದೆ ಅಂತ ಹೇಳಮ್ಮ," ಎನ್ನುತ್ತಿದ್ದರು. ರಂಜಿತ ಎರಡು ಕಡೆಗೂ ಹೇಳುವಷ್ಟರಲ್ಲಿ ಊಟವೇ ಮುಗಿದಿರುತ್ತಿತ್ತು.

ಆ ಪೆಟ್ಟಿಗೆಯ ಮೇಲೆ ರಂಜಿತಳ ಬಡ್ತಿ ನಿಂತಿತ್ತು. ಕಾರ್ಖಾನೆಯ ಮಾಲೀಕರಾದ ಚಿನ್ನಸ್ವಾಮಿ ಮಗ್ಗಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಮನುಷ್ಯ. ಹೊಸದೊಂದನ್ನು ಮಾಡುವುದಕ್ಕಿಂತ ಹಳೆಯದನ್ನೇ ಇನ್ನೊಂದು ಮಾಡುವುದರಲ್ಲಿ ಅವರಿಗೆ ನಂಬಿಕೆ. ರಂಜಿತ ಹಟ ಹಿಡಿದಾಗ ಅವರು ಒಪ್ಪಿದ್ದರು, ಆದರೆ ಒಂದು ಕರಾರಿನ ಮೇಲೆ.

"ನಿಮ್ಮನೇಲೇ ಒಂದು ಬೆಳೆಗೆ ಇಟ್ಟು ತೋರ್ಸಮ್ಮ. ಗೆರೆ ನೆಟ್ಟಗಿರ್ಬೇಕು. ಅದೊಂದೇ ಸಾಲ್ದು, ಮನೆಯೋರ ಬಾಯಲ್ಲಿ ಚೆನ್ನಾಗಿದೆ ಅಂತ ಬರ್ಬೇಕು. ನಮ್ಮ ಕಡೆ ಗ್ರಾಫ್ ನೋಡಿ ಯಾರೂ ಮಿಷಿನ್ ತಗಳಲ್ಲ, ಮನೆಯೋರ ಬಾಯಿ ನೋಡಿ ತಗೋತಾರೆ."

ಎರಡೂ ಆದರೆ ಈ ಪೆಟ್ಟಿಗೆಗೇ ಒಂದು ಬೇರೆ ವಿಭಾಗ, ಅದಕ್ಕೆ ರಂಜಿತಳೇ ಮುಖ್ಯಸ್ಥೆ. ಆಗದಿದ್ದರೆ ಕೊಯಮತ್ತೂರಿನಿಂದ ಸಿದ್ಧ ಪೆಟ್ಟಿಗೆ ತರಿಸುವುದು, ರಂಜಿತ ಮತ್ತೆ ಮಗ್ಗದ ಪ್ಯಾನೆಲ್ಲುಗಳಿಗೆ ವೈರು ಜೋಡಿಸುತ್ತ ಕೂರುವುದು. ಹುಳು ಹಣ್ಣಾಗುವ ಹೊತ್ತಿಗೆ ಬಂದು ನೋಡುತ್ತೇನೆ ಎಂದು ಚಿನ್ನಸ್ವಾಮಿ ಹೇಳಿದ್ದರು. ಆ ದಿನ ಹತ್ತಿರ ಬರುತ್ತಿತ್ತು, ಗೆರೆಗಳು ಕುಣಿಯುತ್ತಿದ್ದವು.

ಅವಳೇನೂ ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದವಳಲ್ಲ. ಮೊದಲು ಈ ಹುಳುಮನೆಯನ್ನು ನಡೆಸುತ್ತಿದ್ದವರು ಅತ್ತೆ, ಮಾವ ಇಬ್ಬರೇ. ಬಿಸಿ ಅತ್ತೆಯ ಪಾಲು. ಇದ್ದಿಲು ತುಂಬಿದ ಅಗ್ಗಿಷ್ಟಿಕೆ ಹೊತ್ತಿಸುವುದು, ಆರಿಸುವುದು ಅವರದ್ದು. ಗಾಳಿ ಮಾವನ ಪಾಲು. ಕಿಟಕಿ ತೆಗೆಯುವುದು, ಮುಚ್ಚುವುದು, ಗೋಣಿ ತಟ್ಟು ನೆನೆಸಿ ನೇತುಹಾಕುವುದು ಅವರದ್ದು. ರಂಜಿತ ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ವಿಚಾರಿಸಿದ್ದಳು. "ಚಳಿ ಅನ್ಸಿದ್ರೆ ಬೆಂಕಿ ಇಡ್ತೀನಿ ಕಣವ್ವ," ಎಂದರು ಅತ್ತೆ. "ಉಸಿರು ಕಟ್ದಂಗಾದ್ರೆ ಕಿಟಕಿ ತೆಗೀತೀನಿ," ಎಂದರು ಮಾವ. ಇಬ್ಬರ ಮಾತನ್ನೂ ಅವಳು ಲೆಕ್ಕಕ್ಕೆ ಇಳಿಸಿ, ಗೋಡೆ ಸೊಪ್ಪು ಕರೆಂಟು ಚಳಿಗಾಳಿ ಎಲ್ಲಕ್ಕೂ ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಕಟ್ಟಿದ್ದಳು. ಕಿಟಕಿಗಳಿಗೆ ಮೋಟಾರು ಕೂರಿಸಿದಳು. ಅಗತ್ಯ ಬಿದ್ದರೆ ಕೈಯಿಂದಲೇ ಹೀಟರು ಹಾಕಲು, ಕಿಟಕಿ ತೆಗೆಯಲು ಇರಲಿ ಎಂದು ಜಗಲಿಯ ಗೋಡೆಗೆ ನಾಲ್ಕು ಗುಂಡಿಗಳನ್ನೂ ಇಟ್ಟಳು.

ಹಾಗಿದ್ದರೆ ತಪ್ಪಿದ್ದೆಲ್ಲಿ? ಸಂಜೆ ಬಸ್ಸಿನಿಂದ ಇಳಿದವಳೇ ಅವಳು ಹುಳುಮನೆಗೆ ಹೋಗಿ ಬಿಸಿ ಅಳೆಯುವ ಕಡ್ಡಿ ಬದಲಾಯಿಸಿದಳು. ಮರುದಿನವೂ ಗೆರೆಗಳು ಕುಣಿದವು. ವೈರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದಳು. ಅವು ಕುಣಿದವು. ಪೆಟ್ಟಿಗೆಯ ಕೈ ಮೆತ್ತಗಾಯಿತೇನೋ ಎಂದು ಅದರ ಜೋರನ್ನು ಒಂದಿಷ್ಟು ಏರಿಸಿದಳು. ಅವತ್ತಂತೂ ಕಿಟಕಿಗಳು ಮಧ್ಯಾಹ್ನವಿಡೀ ರೆಪ್ಪೆ ಬಡಿದ ಹಾಗೆ ತೆಗೆದು ಮುಚ್ಚಿ ಮಾಡಿ, ಒಂದು ಮೋಟಾರಿನಿಂದ ಸುಟ್ಟ ವಾಸನೆ ಬಂತು. ಓದಿದ ಪುಸ್ತಕಗಳನ್ನು ಮತ್ತೆ ತೆಗೆದಳು. ಯಾವ ಸಮೀಕರಣವೂ ತಪ್ಪಿರಲಿಲ್ಲ. ಸರಿಯಿದ್ದದ್ದು ಹೀಗೆ ತಪ್ಪಾಗಿ ನಡೆಯುವುದನ್ನು ನೋಡಿ ಅವಳಿಗೆ ತನ್ನ ತಲೆಯ ಮೇಲೇ ಅನುಮಾನ ಬಂತು.

ಅತ್ತೆ ಒಮ್ಮೆ ಹಿಂದಿನಿಂದ ಬಗ್ಗಿ ಮೊಬೈಲು ನೋಡಿದರು. "ಇದ್ರಲ್ಲಿ ನಾನ್ಯಾವ್ದು?"

"ಕೆಂಪು ಅತ್ತೆ. ಬಿಸಿ ನಿಮ್ದು ಅಲ್ವಾ."

"ನೀಲಿ ನಿಮ್ಮ ಮಾವನಾ?" ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ ಬಿಡು," ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದರು. ಚೆನ್ನಾಗಿರುವುದು ಏನು ಎಂದು ರಂಜಿತಳಿಗೆ ತಿಳಿಯಲಿಲ್ಲ. ಅವಳ ಕಣ್ಣಿಗೆ ಅದು ಹಾಳಾಗುತ್ತಿರುವ ಬೆಳೆ.

ಕೊನೆಗೆ ಅವಳು ರಜೆ ಹಾಕಿ ಮನೆಯಲ್ಲೇ ಉಳಿದಳು. ಪೆಟ್ಟಿಗೆ ಏನು ಮಾಡುತ್ತದೆಂದು ಕಣ್ಣಾರೆ ನೋಡಿಯೇ ಬಿಡೋಣ ಎಂದು, ಹುಳುಮನೆಗೆ ಅಂಟಿಕೊಂಡಿದ್ದ ಸೊಪ್ಪಿನ ಕೋಣೆಯಲ್ಲಿ ಕೂತಳು. ನಡುವಿನ ಗೋಡೆಯಲ್ಲಿ ಒಂದು ಜಾಲಂಧ್ರವಿತ್ತು. ಬೆಳಗಿನ ಬಿಸಿಲು ಏರಿತ್ತು. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣಗೆ ಮಳೆ ಹನಿಯುವಂತೆ ಕೇಳುತ್ತಿತ್ತು. ಪೆಟ್ಟಿಗೆ ತನ್ನ ಪಾಡಿಗೆ ಒಂದೆರಡು ಸಲ ಟಕ್ಕೆಂದು ಸುಮ್ಮನಾಯಿತು. ಮೊಬೈಲಿನಲ್ಲಿ ಎರಡು ಗೆರೆಗಳೂ ನೆಟ್ಟಗಿದ್ದವು. ರಂಜಿತಳಿಗೆ ಉಸಿರು ಬಂದಂತಾಯಿತು.

ಆಗ ಮಾವ ಒಳಗೆ ಬಂದರು. ಅತ್ತಿತ್ತ ನೋಡಿದರು. ಹಿಂದಿನ ಕಿಟಕಿಯ ಮೋಟಾರಿನ ಕೊಕ್ಕೆಯನ್ನು ಕೈಯಿಂದ ತಪ್ಪಿಸಿ, ಅದರ ಬಾಗಿಲನ್ನು ಅಗಲವಾಗಿ ತೆರೆದು, ಹುಳುಗಳ ತಟ್ಟೆ ಜೋಡಿಸಿದ ರ್‍ಯಾಕಿನ ಆ ಕಡೆ ಮಣೆ ಹಾಕಿಕೊಂಡು ಕೂತರು. ಉಸಿರು ಕಟ್ಟುವಂಥದ್ದು ಅಲ್ಲಿ ಏನೂ ಇರಲಿಲ್ಲ. ಚಳಿಗಾಳಿ ನುಗ್ಗಿತು. ಕೆಂಪು ಗೆರೆ ಕುಸಿಯಿತು, ನೀಲಿ ಅದರ ಬೆನ್ನಿಗೇ ಬಿತ್ತು. ಪೆಟ್ಟಿಗೆ ಗಾಬರಿ ಬಿದ್ದು ಹೀಟರು ಹಾಕಿತು, ಮಂಜು ಚಿಮ್ಮಿತು. ರಂಜಿತ ಎದ್ದು ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ಬಳೆಯ ಸದ್ದು ಕೇಳಿಸಿತು.

ಅತ್ತೆ ಹೊತ್ತಿಸಿದ ಅಗ್ಗಿಷ್ಟಿಕೆ ಹಿಡಿದೇ ಬಂದಿದ್ದರು. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯನ್ನು ರ್‍ಯಾಕಿನ ಈ ಕಡೆ ಇಟ್ಟು, ಹುಳುಗಳ ಮೇಲೆ ಬಗ್ಗಿದರು.

"ಯಾರು ಕಂದಾ ನಿಮ್ಗೆ ಗಾಳಿ ಬಿಟ್ಟೋರು? ವಯಸ್ಸಾದ್ರೂ ಬುದ್ಧಿ ಬ್ಯಾಡ್ವಾ?"

ಆ ಕಡೆಯಿಂದ ಮಾವನೂ ಹುಳುಗಳಿಗೇ ಹೇಳಿದರು. "ಮಂಡಿ ನೋವಿರೋರು ಬೆಂಕಿ ಹೊತ್ಕಂಡು ಬರ್ಬಾರ್ದು ಅನ್ರಪ್ಪ. ಎಣ್ಣೆ ತಂದಿಟ್ಟಿದೀನಿ, ಹಚ್ಕಂಡ್ರಾ?"

"ಹಚ್ಕಂಡಾಯ್ತು ಅನ್ನಿ. ಗಬ್ಬು ವಾಸ್ನೆ."

"ವಾಸ್ನೆ ಇದ್ರೇ ಔಷ್ದಿ."

ಅತ್ತೆ ಒಂದು ಹುಳುವನ್ನು ಬೆರಳ ತುದಿಯಲ್ಲಿ ಎತ್ತಿ ಎಲೆಯ ಮೇಲೆ ಬಿಟ್ಟರು. ದನಿ ಸ್ವಲ್ಪ ತಗ್ಗಿತು. "ಈ ಪೆಟ್ಟಿಗೆ ಬಂದ ಹೊಸ್ದ್ರಲ್ಲಿ ಕಿಟಕಿ ತಗಂಡಾಗ, ಜಗಲಿ ಮೇಲೆ ಕೂತೋರೇ ಗುಂಡಿ ಒತ್ತಿ ತೆಗೀತಾವ್ರೆ ಅನ್ಕಂಡಿದ್ದೆ ಕಣ್ರಪ್ಪ. ನಾನೂ ಬೆಂಕಿ ಗುಂಡಿ ಒತ್ತಾನ ಅಂತ ಬತ್ತಿದ್ದೆ, ಅಷ್ಟ್ರಲ್ಲಿ ತಾನೇ ಬೆಚ್ಚಗಾಗೋದು. ಮೂರ್ನೇ ಜ್ವರ ಬಿಟ್ಟ ದಿನ ಆವಯ್ಯ ಊರಲ್ಲೇ ಇರ್ಲಿಲ್ಲ, ದೊಡ್ಡಬಳ್ಳಾಪುರಕ್ಕೆ ಹೋಗಿತ್ತು. ಕಿಟಕಿ ತಾನಾಗೇ ತಗಂತು. ಅಲ್ಲೀಗಂಟ ಮಿಷಿನ್ ಜೊತೆ ಮಾತಾಡ್ತಿದ್ನಾ ನಾನು, ಅಂತ ಒಂಥರಾ ಆಗೋಯ್ತು."

ಮಾವ ತಟ್ಟೆಯ ಅಂಚಿಗೆ ಬಂದ ಹುಳುವೊಂದನ್ನು ಒಳಕ್ಕೆ ಸರಿಸಿದರು. ಆಮೇಲೆ, "ಮೋಸ ಹೋದೋರು ಒಬ್ರೇ ಅಲ್ಲ ಅನ್ರಪ್ಪ. ಒಳಗೆ ಬೆಚ್ಚಗಿದ್ರೆ ಅವಳೇ ಬೆಂಕಿ ಇಟ್ಟವಳೆ ಅನ್ಕಂಡು ನಾನೂ ಕೂತಿದ್ದೆ," ಎಂದರು.

ಜಾಲಂಧ್ರದ ಈ ಕಡೆ ರಂಜಿತ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡಿದ್ದಳು. ಮೊಬೈಲಿನಲ್ಲಿ ಗೆರೆಗಳು ಹಾರಾಡುತ್ತಿದ್ದವು. ಅವಳಿಗೆ ಮುಖ ಬೆಚ್ಚಗಾಯಿತು. ಗಂಡ ಹೆಂಡತಿಯ ಕೋಣೆಗೆ ಕದ ತಟ್ಟದೆ ನುಗ್ಗಿದಂತಾಗಿ, ಸದ್ದಾಗದ ಹಾಗೆ ಹಿತ್ತಲಿಗೆ ಎದ್ದು ಹೋದಳು.

ಅಷ್ಟು ದಿನದ ಕುಣಿತದ ಕಾರಣ ಸಿಕ್ಕಿತ್ತು. ಆದರೆ ಕಾರಣ ಸಿಕ್ಕ ಮೇಲೆ ಅವಳ ಗೊಂದಲ ಇನ್ನೂ ಹೆಚ್ಚಾಯಿತು. ಚಳಿಗಾಳಿ ಬೀಸುತ್ತದೆ ಎಂದರೆ ಅದಕ್ಕೊಂದು ಮಿತಿ ಇಟ್ಟು ಲೆಕ್ಕ ಹಾಕಬಹುದು. ಚಳಿಗಾಳಿಗೆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚಿಲ್ಲ. ಇಲ್ಲಿ ಕಿಟಕಿ ತೆಗೆಯುವವರು ಒಳಗಿನ ಬಿಸಿ ನೋಡಿ ತೆಗೆಯುತ್ತಿಲ್ಲ, ಹೆಂಡತಿ ಬರಲಿ ಎಂದು ತೆಗೆಯುತ್ತಾರೆ. ಬೆಂಕಿ ತರುವವರು ಚಳಿಗಾಗಿ ತರುತ್ತಿಲ್ಲ, ಗಂಡ ಕರೆದನೆಂದು ತರುತ್ತಾರೆ. ಪೆಟ್ಟಿಗೆ ಎಷ್ಟು ಬೇಗ ಸರಿಮಾಡಿದರೆ ಅವರು ಅಷ್ಟು ಬೇಗ ಮತ್ತೆ ಕೆಡಿಸಬೇಕಾಗುತ್ತದೆ, ಇಲ್ಲವಾದರೆ ಮಾತು ಮುಗಿದುಹೋಗುತ್ತದೆ. ಇದಕ್ಕೆ ಯಾವ ಸಮೀಕರಣ? ಹಾಗೆಂದು ಬಿಟ್ಟುಬಿಡುವ ಹಾಗೂ ಇಲ್ಲ. ಮೊದಲು ಇಬ್ಬರೇ ಇದ್ದಾಗ ಒಬ್ಬರು ಕೆಡಿಸಿದ್ದನ್ನು ಇನ್ನೊಬ್ಬರು ಸರಿಮಾಡಿ ಹುಳು ಹೇಗೋ ಬದುಕಿಕೊಳ್ಳುತ್ತಿತ್ತು. ಈಗ ನಡುವೆ ಮೂರನೆಯದೊಂದು ಸೇರಿ, ಮೂರೂ ಕೂಡಿ ಹುಳುವನ್ನು ಅರೆಯುತ್ತಿದ್ದವು.

ಬೈರೇಶ ಗಾರ್ಮೆಂಟ್ಸಿನಿಂದ ಬಂದವನು ಇನ್ನೂ ಬೈಕಿನಿಂದ ಇಳಿದಿರಲಿಲ್ಲ. ಅವಳು ಅಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಅವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಕೇಳಿದ. ಕಣ್ಣು ಒಂದಿಷ್ಟು ಒದ್ದೆಯಾದ ಹಾಗೆ ಕಂಡಿತು, ಅಷ್ಟರಲ್ಲೇ ಸಾವರಿಸಿಕೊಂಡ.

"ಹುಳ ಹಣ್ಣಾಗೋಕೆ ಇನ್ನೆಷ್ಟು ದಿನ ಇದೆ ಮಹಾ? ನಿಮ್ಮ ಸಾರ್ ಬಂದು ಹೋಗೋ ತನಕ ಕಿಟಕಿಗೆ ಬೋಲ್ಟ್ ಹಾಕ್ಬಿಡು ಕಣೆ. ಹನ್ನೊಂದು ವರ್ಷ ಇದ್ದೋರು ನಾಕ್ ದಿನ ಇರಲ್ವಾ?"

"ಅದು ಸರಿ ಅಂತೀರಾ?"

"ಸರಿನೋ ತಪ್ಪೋ ನಂಗೇನ್ ಗೊತ್ತು? ಇಂಜಿನಿಯರ್ರು ನೀನು."

ಇಂಜಿನಿಯರ್ ಆದವಳಿಗೂ ಗೊತ್ತಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅವಳು ಎಲ್ಲ ಕಿಟಕಿಗಳ ಕೊಕ್ಕೆಗೂ ಬೋಲ್ಟು ಬಿಗಿದಳು. ಜಗಲಿಯ ಗುಂಡಿಗಳ ವೈರು ಬಿಡಿಸಿದಳು. ಅಗ್ಗಿಷ್ಟಿಕೆಯನ್ನು ಅಟ್ಟಕ್ಕೇರಿಸಿದಳು. "ಸಾರ್ ಬಂದು ಹೋಗೋ ತನಕ ಅಷ್ಟೇ ಮಾವ, ಅತ್ತೆ. ಸೊಪ್ಪು ಹಾಕೋದು ಬಿಟ್ಟು ಬೇರೆ ಏನೂ ಮುಟ್ಬೇಡಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು. ಮಾವ ತಲೆಯಾಡಿಸಿದರು. ಅತ್ತೆ, "ನಿನ್ ಕೆಲ್ಸ ಆಗ್ಲಿ ಕಣವ್ವ," ಎಂದರು. ಒಳ್ಳೆಯವರ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ರಂಜಿತಳಿಗೆ ಅವತ್ತು ಅನಿಸಿತು.

ಅಲ್ಲಿಂದ ಗೆರೆಗಳು ನೆಟ್ಟಗಾದವು. ಎಷ್ಟು ನೆಟ್ಟಗೆಂದರೆ ಕಾರ್ಖಾನೆಯಲ್ಲಿ ಪಕ್ಕದ ಮೇಜಿನವರು, ಮೊಬೈಲು ಕೆಟ್ಟಿದೆಯೇನೋ ನೋಡು ಎಂದರು. ಹುಳುಗಳು ನಾಲ್ಕನೇ ಜ್ವರವನ್ನು ಒಂದೂ ಸಾಯದೆ ದಾಟಿದವು, ಹೊಳಪು ಬಂತು, ಬೆರಳ ಗಾತ್ರ ಆದವು. ರಂಜಿತ ತಾನು ಗೆದ್ದೆ ಎಂದುಕೊಂಡಳು. ನಿಜಕ್ಕೂ ಖುಷಿಯಾಯಿತು. ಆ ಖುಷಿ ಬಸ್ಸು ಇಳಿದು ಮನೆಯ ಅಂಗಳ ಸೇರುವ ತನಕ ಇರುತ್ತಿತ್ತು.

ಮನೆಯಲ್ಲಿ ಸದ್ದೇ ಇಲ್ಲ. ಮಾವ ಜಗಲಿಯ ಮೇಲೆ ಒಂದು ಕಡೆ ಕೂತು, ಬಿಸಿಲು ಸರಿದಂತೆ ತಾವೂ ಸರಿಯುತ್ತಿದ್ದರು. ಅತ್ತೆ ನಡುಮನೆಯಲ್ಲಿ ಮೊರ ತುಂಬ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದರು. ಸುಲಿದು ಮುಗಿದರೆ ನೆನೆಸಿದ ಕಾಳು ಹಿದುಕುತ್ತಿದ್ದರು. ದಿನವೂ ಹಿದುಕಿದ ಬೇಳೆ ಸಾರು. ಸೊಪ್ಪು ಹಾಕಲು ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಹೋಗುತ್ತಿದ್ದರು. ಅಲ್ಲಿ ನಿಂತು ಮಾಡುವುದಕ್ಕೆ ಏನೂ ಇರಲಿಲ್ಲ. ಊಟಕ್ಕೆ ಕರೆಯಲು ಸಹ ಅತ್ತೆ ಈಗ ಇವಳಿಗೆ ಹೇಳುತ್ತಿರಲಿಲ್ಲ, ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದರು. ಮಾವ ಆ ಸದ್ದಿಗೆ ಏಳುತ್ತಿದ್ದರು.

ಒಂದು ಸಂಜೆ ಅತ್ತೆ ಮೊಬೈಲು ತೋರಿಸು ಎಂದರು. ಎರಡು ನೆಟ್ಟನೆಯ ಗೆರೆಗಳನ್ನು ನೋಡಿ, "ಇದ್ರಲ್ಲಿ ನಾವಿಲ್ವಲ್ಲ ರಂಜಿ," ಎಂದರು. ಬೇಸರದಿಂದಲ್ಲ, ಸುಮ್ಮನೆ ಕಂಡದ್ದನ್ನು ಹೇಳಿದ ಹಾಗೆ.

ಬೋಲ್ಟು ಬಿಚ್ಚಿಬಿಡೋಣ ಎಂದು ಅವಳು ಎದ್ದಳು. ನಾಳೆಯೇ ಚಿನ್ನಸ್ವಾಮಿ ಬರುವವರಿದ್ದರು. ಒಂದು ದಿನ ತಾನೇ ಎಂದು ಕೂತಳು. ಮತ್ತೆ ಎದ್ದಳು. ಎದ್ದದ್ದು ಯಾಕೆ, ಕೂತದ್ದು ಯಾಕೆ ಎಂದು ಅವಳಿಗೇ ಗೊತ್ತಾಗದೆ, ಕೊನೆಗೆ ಹೋಗಿ ಪಾತ್ರೆ ತೊಳೆದಳು.

ಚಿನ್ನಸ್ವಾಮಿ ಬೆಳಿಗ್ಗೆಯೇ ಬಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಹುಳುಮನೆಯೊಳಗೆ ಒಂದು ಸುತ್ತು ಹಾಕಿದರು. ಹುಳು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮೊಬೈಲಿನ ಗೆರೆಗಳನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದರು. ಹಳೆಯ ಕುಣಿತ ಕಂಡಾಗ ಹುಬ್ಬೇರಿಸಿದರು. "ಆವಾಗ ಇನ್ನೂ ಸರಿ ಮಾಡ್ತಿದ್ದೆ ಸಾರ್," ಎಂದಳು ರಂಜಿತ. ಸುಳ್ಳಲ್ಲ, ಆದರೂ ನಾಲಿಗೆ ತಡವರಿಸಿತು.

"ಪರ್ವಾಗಿಲ್ಲ ಕಣಮ್ಮ, ಕೊಯಮತ್ತೂರಿನೋರೂ ಹಿಂಗೆ ಮಾಡಿಲ್ಲ," ಎಂದು ಚಿನ್ನಸ್ವಾಮಿ ಜಗಲಿಗೆ ಬಂದು ಕುರ್ಚಿಯಲ್ಲಿ ಕೂತರು. ಬೈರೇಶ ಕಾಫಿ ತಂದುಕೊಟ್ಟ. ಮಾವ ಕಂಬಕ್ಕೆ ಒರಗಿ ಕೂತಿದ್ದರು, ಅತ್ತೆ ಹೊಸ್ತಿಲ ಒಳಗೆ ಬಾಗಿಲು ಹಿಡಿದು ನಿಂತಿದ್ದರು. ಗೆರೆಯ ಕರಾರು ಮುಗಿದಿತ್ತು. ಇನ್ನು ಬಾಯಿಯದೊಂದೇ ಉಳಿದಿತ್ತು. ಈ ಇಬ್ಬರ ಬಾಯಿಂದ ಒಂದು 'ಚೆನ್ನಾಗಿದೆ' ಬಂದರೆ ರಂಜಿತ ಮುಖ್ಯಸ್ಥೆ.

"ಹೇಳಿ ಅಮ್ಮ," ಎಂದರು ಚಿನ್ನಸ್ವಾಮಿ, ಕಾಫಿ ಊದುತ್ತ ಅತ್ತೆಯ ಕಡೆ ನೋಡಿ. "ಮಿಷಿನ್ ಹೆಂಗೈತೆ? ಮನೇಲಿ ಇರ್ಲಾ?"

ಅತ್ತೆ ಚಿನ್ನಸ್ವಾಮಿಯವರನ್ನು ನೋಡಿದರು. ಸೊಸೆಯನ್ನು ನೋಡಿದರು. ಇನ್ನೇನು 'ಚೆನ್ನಾಗೈತೆ' ಎಂದುಬಿಡುತ್ತಾರೆ ಎಂದು ರಂಜಿತ ಉಸಿರು ಹಿಡಿದಳು. ಬಾಯಿ ತೆರೆದ ಅತ್ತೆ ತಡೆದರು. ಹೊಸ್ತಿಲು ದಾಟಿ ಹೊರಗೆ ಬಂದು, ಕಂಬದ ಕಡೆ ತಿರುಗಿದರು. ಅಲ್ಲಿ ಹುಳು ಇರಲಿಲ್ಲ. ಸೊಸೆಯೂ ಇರಲಿಲ್ಲ. ಮಾವ ಒಬ್ಬರೇ ಇದ್ದರು.

"ಏನಂತೀರಿ? ನೀವೂ ಬಾಯ್ಬಿಟ್ಟು ಹೇಳಿ."

ಬೈರೇಶನ ಕೈಯಲ್ಲಿದ್ದ ತಟ್ಟೆ ಗೋಡೆಗೆ ಬಡಿಯಿತು. ಮಾವ ಒರಗಿದ್ದವರು ನೆಟ್ಟಗಾದರು. ಮುಖ ಒಂದು ಕ್ಷಣ ಹುಡುಗನ ಮುಖದ ಹಾಗೆ ಕಂಡಿತು.

"ನೀನು ಹೇಳ್ದಂಗೆ," ಎಂದರು.

"ನಾನು ಬ್ಯಾಡ ಅಂತೀನಿ."

"ಹಂಗಾರೆ ಬ್ಯಾಡ."

ಚಿನ್ನಸ್ವಾಮಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗಂಡನನ್ನು ಹೆಂಡತಿ ಒಂದು ಮಾತು ಕೇಳಿದಳು, ಗಂಡ ಹೆಂಡತಿಯ ಮಾತಿಗೆ ಹೂಂ ಅಂದ, ಎಲ್ಲ ಮನೆಗಳಲ್ಲೂ ಇರುವುದೇ. ಅವರು ಲೋಟ ಕೆಳಗಿಟ್ಟು ರಂಜಿತಳ ಕಡೆ ತಿರುಗಿದರು. "ಏನ್ ಮಾಡಾಕಾಯ್ತದಮ್ಮ? ಒಬ್ರು ಹೂಂ ಒಬ್ರು ಊಹೂಂ ಅಂದಿದ್ರೆ ನಾನೇ ಒಪ್ಪುಸ್ತಿದ್ದೆ. ಇವ್ರಿಬ್ರದ್ದೂ ಒಂದೇ ಮಾತು. ಪೆಟ್ಟಿಗೆ ಬಿಚ್ಕಂಡು ಸೋಮವಾರ ಪ್ಯಾನೆಲ್ ಕೆಲ್ಸಕ್ಕೆ ಬಂದ್ಬಿಡು."

ಅವರ ಕಾರು ಕೆರೆ ಏರಿಯ ಕಡೆ ತಿರುಗುವ ತನಕ ರಂಜಿತ ಅಂಗಳದಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಮುಖ್ಯಸ್ಥೆಯ ಹುದ್ದೆ ಕೈತಪ್ಪಿತೆಂದು ಬಂದದ್ದೋ, ಈ ಮನೆಯಲ್ಲಿ ಮಾತು ಹುಟ್ಟಿತೆಂದು ಬಂದದ್ದೋ ಅವಳಿಗೆ ಬಿಡಿಸಲಾಗಲಿಲ್ಲ. ಹನ್ನೊಂದು ವರ್ಷದಿಂದ ಯಾರಿಂದಲೂ ಆಗದ್ದನ್ನು ಅವಳ ಪೆಟ್ಟಿಗೆ ಮಾಡಿತ್ತು. ಅವರು ಮೊದಲು ಒಟ್ಟಿಗೆ ಆಡಿದ ಮಾತು ಅದನ್ನು ಕಿತ್ತುಹಾಕಿ ಎಂಬುದಾಗಿತ್ತು. ಸಿಟ್ಟೂ ಬಂತು. ಅತ್ತೆಯನ್ನು ಅಪ್ಪಿಕೊಳ್ಳಬೇಕು ಎಂದೂ ಅನಿಸಿತು.

ಅವಳು ಹುಳುಮನೆಗೆ ಹೋಗಿ ಸ್ಟೂಲು ಹಾಕಿಕೊಂಡು ಹತ್ತಿದಳು. ಪೆಟ್ಟಿಗೆಯ ತಿರುಪು ಬಿಗಿಯಾಗಿತ್ತು, ಅವಳೇ ಬಿಗಿದದ್ದು. "ಮಾವ, ದೊಡ್ಡ ಸ್ಕ್ರೂಡ್ರೈವರ್ ಎಲ್ಲಿದೆ?" ಎಂದು ಕೂಗಿದಳು.

ಮಾವನ ದನಿ ಹೊರಗೆ ಕೇಳಿಸಿತು. "ಇವಳೇ, ಸ್ಕ್ರೂಡ್ರೈವರ್ ಎಲ್ಲಿಟ್ಟಿದೀಯ?"

"ನಾನ್ಯಾಕಿಡ್ಲಿ? ನೀವೇ ತಾನೆ ಪಂಪಿಗೆ ಅಂತ ತಗಂಡೋಗಿದ್ದು?"

"ತಗಂಡೋಗಿ ವಾಪಸ್ ನಿನ್ ಕೈಗೇ ಕೊಟ್ಟೆ."

"ಯಾವತ್ತು ಕೊಟ್ರಿ? ನನ್ ಕೈಗೆ ನೀವು ಏನನ್ನ ಕೊಟ್ಟು ಎಷ್ಟು ವರ್ಷ ಆಯ್ತು, ಹೇಳಿ ನೋಡಾನ?"

ಸ್ಕ್ರೂಡ್ರೈವರ್ ಬರುವ ಲಕ್ಷಣ ಕಾಣಲಿಲ್ಲ. ಮಾವ ಏನೋ ಎಂದರು, ಅತ್ತೆ ಅದಕ್ಕೆ ಇನ್ನೇನೋ ಎಂದರು. ನಡುವೆ ಅತ್ತೆಯ ಅಣ್ಣನ ಹೆಸರು ಬಂತು, ತಾಂಬೂಲ ಬಂತು, ಇಬ್ಬರ ದನಿಯೂ ಏರಿತು. ರಂಜಿತ ಇಳಿದು ಹೋಗಿ ತಾನೇ ಹುಡುಕಬಹುದಿತ್ತು. ಯಾಕೋ ಹೋಗಲಿಲ್ಲ. ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಹಿಡಿದುಕೊಂಡು, ಸ್ಟೂಲಿನ ಮೇಲೆ ನಿಂತೇ ಕೇಳುತ್ತಿದ್ದಳು.